ಅಂಡಾಶಯದಿಂದ ಮಾತ್ರೆಯವರೆಗೆ: ಸ್ತನ ಕ್ಯಾನ್ಸರ್ ಹಾರ್ಮೋನ್ ಚಿಕಿತ್ಸೆಯ ನೂರ ಮೂವತ್ತು ವರ್ಷ

ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ಉತ್ತರಕ್ಕೆ ಹೊರಟರೆ ಮೊದಲು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಸಿಗುತ್ತದೆ. ಮೇಲ್ಸೇತುವೆ ದಾಟಿದ ಮೇಲೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ, ಅದರ ಆವರಣದೊಳಗೆ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಎನ್‌ಸಿಬಿಎಸ್. ಮುಂದೆ ಯಲಹಂಕ. ಅಲ್ಲಿ ಮದರ್ ಡೇರಿಯ ಹಾಲು ಲಾರಿಗಳು, ರೈಲು ಗಾಲಿ ಕಾರ್ಖಾನೆ, ವಾಯುನೆಲೆ, ಬಾಗಲೂರು ಕ್ರಾಸ್ ಬಳಿ ಒಂದು ಕ್ಯಾನ್ಸರ್ ಆಸ್ಪತ್ರೆ. ಇನ್ನೂ ಮುಂದೆ, ದೇವನಹಳ್ಳಿಗೆ ಮೊದಲು, ಪೂಜನಹಳ್ಳಿಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಒಂದು ಕಚೇರಿ. ದೇಶದ ಮೂಲೆ ಮೂಲೆಯ ಕ್ಯಾನ್ಸರ್ ನೋಂದಣಿ ಕೇಂದ್ರಗಳ ಲೆಕ್ಕವೆಲ್ಲ ಬಂದು ಸೇರುವುದು ಇಲ್ಲಿಗೆ.

ಹಸು, ಜೀನು, ರೋಗಿ, ಅಂಕಿಅಂಶ ಎಲ್ಲವೂ ಒಂದೇ ರಸ್ತೆಯ ಅಕ್ಕಪಕ್ಕದಲ್ಲಿವೆ. ಸ್ತನ ಕ್ಯಾನ್ಸರಿಗೆ ಹಾರ್ಮೋನ್ ಚಿಕಿತ್ಸೆ ಹುಟ್ಟಿ ಬೆಳೆದ ಕಥೆಯೂ ಹೆಚ್ಚುಕಡಿಮೆ ಇದೇ ಕ್ರಮದಲ್ಲಿ ಸಾಗಿದೆ. ಹಸುವಿನ ಕೆಚ್ಚಲಿನಿಂದ ಹೊರಟು ಜೀವಕೋಶದೊಳಕ್ಕೆ ಹೊಕ್ಕು, ಕೊನೆಗೆ ಒಂದು ಸಣ್ಣ ಮಾತ್ರೆಯಾಗಿ ಯಲಹಂಕ ಉಪನಗರದ ಮೆಡಿಕಲ್ ಶಾಪಿನ ಡ್ರಾಯರಿನಲ್ಲಿ ಕುಳಿತ ಕಥೆ ಅದು.

ಹಸು ಕಲಿಸಿದ ಪಾಠ

1870ರ ದಶಕದಲ್ಲಿ ಜಾರ್ಜ್ ಥಾಮಸ್ ಬೀಟ್ಸನ್ ಎಂಬ ಯುವ ವೈದ್ಯ ಎಡಿನ್‌ಬರೋದಲ್ಲಿ ಪದವಿ ಮುಗಿಸಿ, ಪಶ್ಚಿಮ ಸ್ಕಾಟ್ಲೆಂಡಿನ ಹಳ್ಳಿಗಾಡಿನಲ್ಲಿ ಒಬ್ಬ ಮಾನಸಿಕ ರೋಗಿಯನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದರು. ಕೆಲಸ ಕಡಿಮೆ, ಬಿಡುವು ಹೆಚ್ಚು. ಸುತ್ತ ಹಸು, ಕುರಿ, ಕೊಟ್ಟಿಗೆ. ಎಂ.ಡಿ. ಪ್ರಬಂಧಕ್ಕೆ ಅವರು ಆರಿಸಿಕೊಂಡ ವಿಷಯ ಹಾಲು ಉತ್ಪತ್ತಿಯಾಗುವ ಬಗೆ. ಹಸು ಕರು ಹಾಕಿದ ಮೇಲೆ ಅದರ ಅಂಡಾಶಯ ತೆಗೆದುಬಿಟ್ಟರೆ ಹಾಲು ಬತ್ತದೆ ಬಹುಕಾಲ ಮುಂದುವರಿಯುತ್ತದೆ ಎಂಬುದು ಕೆಲವು ದೇಶಗಳ ರೈತರಿಗೆ ಗೊತ್ತಿದ್ದ ಸಂಗತಿ. ಬೀಟ್ಸನ್ ಇದನ್ನು ಕೇಳಿ ಸುಮ್ಮನಾಗಲಿಲ್ಲ. ಮೊಲಗಳ ಮೇಲೆ ತಾವೇ ಪ್ರಯೋಗ ಮಾಡಿ ನೋಡಿದರು. ಕಿಬ್ಬೊಟ್ಟೆಯಲ್ಲಿರುವ ಅಂಡಾಶಯಕ್ಕೂ ಎದೆಯಲ್ಲಿರುವ ಸ್ತನಕ್ಕೂ ನಡುವೆ ಯಾವ ನರವೂ ಕಾಣುವುದಿಲ್ಲ. ಆದರೂ ಒಂದು ಅಂಗ ಇನ್ನೊಂದನ್ನು ಆಳುತ್ತಿದೆ ಎಂದು ಅವರಿಗೆ ಮನವರಿಕೆಯಾಯಿತು. ಹಾರ್ಮೋನ್ ಎಂಬ ಕಲ್ಪನೆಯೇ ವೈದ್ಯಶಾಸ್ತ್ರದಲ್ಲಿ ಇಲ್ಲದಿದ್ದ ಕಾಲ ಅದು.

ಇಪ್ಪತ್ತು ವರ್ಷ ಕಳೆಯಿತು. 1895ರ ಮೇ ತಿಂಗಳಲ್ಲಿ ಗ್ಲಾಸ್ಗೊ ಕ್ಯಾನ್ಸರ್ ಆಸ್ಪತ್ರೆಗೆ 33 ವರ್ಷದ, ಇಬ್ಬರು ಮಕ್ಕಳ ತಾಯಿಯೊಬ್ಬಳು ಬಂದಳು. ಒಂದು ಸ್ತನವನ್ನು ಆಗಲೇ ತೆಗೆಯಲಾಗಿತ್ತು. ಕ್ಯಾನ್ಸರ್ ಮರಳಿ ಎದೆಯ ಚರ್ಮದ ಮೇಲೆಲ್ಲ ಹರಡಿತ್ತು. ಶಸ್ತ್ರವೈದ್ಯರ ಕೈಯಲ್ಲಿ ಮಾಡಲು ಏನೂ ಉಳಿದಿರಲಿಲ್ಲ. ಬೀಟ್ಸನ್ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ತಮ್ಮ ಯೋಚನೆಯನ್ನು ವಿವರಿಸಿದರು. ಅವರು ಒಪ್ಪಿದರು. ಜೂನ್ 15ರಂದು ಎರಡೂ ಅಂಡಾಶಯಗಳನ್ನು ತೆಗೆದರು. ಎಂಟು ತಿಂಗಳು ಕಳೆಯುವಷ್ಟರಲ್ಲಿ ಎದೆಯ ಮೇಲಿನ ಗಂಟುಗಳು ಮಾಯವಾಗಿದ್ದವು. 1896ರಲ್ಲಿ ಬೀಟ್ಸನ್ ಇದನ್ನು ಎಡಿನ್‌ಬರೋದ ವೈದ್ಯರ ಸಭೆಯ ಮುಂದಿಟ್ಟರು, 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಹೆಣ್ಣುಮಗಳು ಸುಮಾರು ನಾಲ್ಕು ವರ್ಷ ಬದುಕಿದಳು.

ಬೀಟ್ಸನ್ ಕೊಟ್ಟ ವಿವರಣೆ ಇಂದಿನ ಕಣ್ಣಿಗೆ ಪೂರ್ತಿ ಸರಿಯಿಲ್ಲ. ಹಾಲೂಡುವ ಕಾಲದಲ್ಲಿ ಸ್ತನದ ಜೀವಕೋಶಗಳು ವೃದ್ಧಿಸಿ ಕೊಬ್ಬಾಗಿ ಕರಗಿ ಹಾಲಾಗುತ್ತವೆ, ಅಂಡಾಶಯ ತೆಗೆದರೆ ಕ್ಯಾನ್ಸರ್ ಕೋಶಗಳೂ ಹಾಗೆಯೇ ಕರಗಬಹುದು ಎಂದು ಅವರು ಎಣಿಸಿದ್ದರು. ತರ್ಕ ಅರ್ಧ ತಪ್ಪಾಗಿತ್ತು, ಫಲ ಮಾತ್ರ ಕಣ್ಣೆದುರಿಗಿತ್ತು. ಇದಕ್ಕೆ ಆರು ವರ್ಷ ಮೊದಲೇ, 1889ರಲ್ಲಿ, ಜರ್ಮನಿಯ ಆಲ್ಬರ್ಟ್ ಶಿಂಟ್ಸಿಂಗರ್ ಅಂಡಾಶಯ ತೆಗೆಯುವ ಸಲಹೆ ಮುಂದಿಟ್ಟಿದ್ದರು. ಆದರೆ ಅದನ್ನು ಮಾಡಿ ನೋಡಿದವರು ಬೀಟ್ಸನ್.

ಮೂರರಲ್ಲಿ ಒಬ್ಬರು

ಬೆಂಗಳೂರು ಆಗ ಪ್ಲೇಗಿನಿಂದ ತತ್ತರಿಸಿತ್ತು. 1898ರ ಆ ಮಹಾಮಾರಿಯ ನೆನಪು ಹಸಿಯಾಗಿದ್ದಾಗಲೇ, 1900ರಲ್ಲಿ, ಕೋಟೆಯ ಪಕ್ಕದ ವಿಕ್ಟೋರಿಯಾ ಆಸ್ಪತ್ರೆ ಬಾಗಿಲು ತೆರೆಯಿತು. ಅದೇ ವರ್ಷ ಲಂಡನ್ನಿನ ಶಸ್ತ್ರವೈದ್ಯ ಸ್ಟ್ಯಾನ್ಲಿ ಬಾಯ್ಡ್ ಬ್ರಿಟನ್ನಿನಲ್ಲಿ ಅಂಡಾಶಯ ತೆಗೆಸಿಕೊಂಡ 54 ರೋಗಿಗಳ ಲೆಕ್ಕ ಹಾಕಿದರು. ಸುಮಾರು ಮೂರರಲ್ಲಿ ಒಬ್ಬರಿಗೆ ಗುಣ ಕಂಡಿತ್ತು, ಉಳಿದ ಇಬ್ಬರಿಗೆ ಏನೂ ಆಗಿರಲಿಲ್ಲ.

ಈ ಮೂರರಲ್ಲೊಬ್ಬರು ಎಂಬ ಲೆಕ್ಕ ಮುಂದಿನ ಅರವತ್ತು ವರ್ಷ ವೈದ್ಯರನ್ನು ಕಾಡಿತು. ಯಾರಿಗೆ ಗುಣವಾಗುತ್ತದೆ, ಯಾರಿಗೆ ಆಗುವುದಿಲ್ಲ ಎಂದು ಮೊದಲೇ ತಿಳಿಯುವ ದಾರಿ ಇರಲಿಲ್ಲ. ಒಬ್ಬಳಿಗೆ ಒಳಿತಾಗಲೆಂದು ಮೂವರ ಹೊಟ್ಟೆ ಕೊಯ್ಯಬೇಕಿತ್ತು. ಆಗಿನ ಅರಿವಳಿಕೆ, ಆಗಿನ ನಂಜು, ಆಗಿನ ಸಾವಿನ ಪ್ರಮಾಣ ನೆನೆಸಿಕೊಂಡರೆ ಇದೆಂಥ ಜೂಜು ಎಂಬುದು ಅರ್ಥವಾಗುತ್ತದೆ.

ಅಂಡಾಶಯ ಸ್ರವಿಸುವ ವಸ್ತು ಯಾವುದೆಂಬುದು 1920ರ ದಶಕದಲ್ಲಿ ಬಯಲಾಯಿತು. 1923ರಲ್ಲಿ ಅಮೆರಿಕದ ಎಡ್ಗರ್ ಆಲೆನ್ ಮತ್ತು ಎಡ್ವರ್ಡ್ ಡಾಯ್ಸಿ ಅದರ ಇರವನ್ನು ತೋರಿಸಿದರು. 1929ರಲ್ಲಿ ಡಾಯ್ಸಿ ಒಂದು ಕಡೆ, ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಇನ್ನೊಂದು ಕಡೆ, ಅದನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿದರು. ಎಸ್ಟ್ರೊಜೆನ್ ಎಂದು ನಾವು ಕರೆಯುವ ಹಾರ್ಮೋನ್‌ಗಳ ಗುಂಪು ಇದು.

ಮುಟ್ಟು ನಿಂತ ಹೆಂಗಸರ ಅಂಡಾಶಯ ಹೇಗೂ ಸುಮ್ಮನಾಗಿರುತ್ತದೆ. ಅವರಿಗೇನು ಮಾಡುವುದು? ಮೂತ್ರಪಿಂಡದ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗಳಿಂದ ಹೊರಡುವ ಹಾರ್ಮೋನ್ ಸಹ ಎಸ್ಟ್ರೊಜೆನ್ ಆಗಿ ಮಾರ್ಪಡುತ್ತದೆ ಎಂಬುದನ್ನು ಹಿಡಿದು, ಷಿಕಾಗೋದ ಚಾರ್ಲ್ಸ್ ಹಗಿನ್ಸ್ 1950ರ ದಶಕದ ಆರಂಭದಲ್ಲಿ ಆ ಗ್ರಂಥಿಗಳನ್ನೇ ತೆಗೆಯಲು ಹೊರಟರು. ಪ್ರಾಸ್ಟೇಟ್ ಕ್ಯಾನ್ಸರ್ ಹಾರ್ಮೋನ್‌ನ ಹಂಗಿನಲ್ಲಿದೆ ಎಂದು ಅವರು 1941ರಲ್ಲೇ ತೋರಿಸಿದ್ದರು. ಆ ಕೆಲಸಕ್ಕೆ 1966ರಲ್ಲಿ ನೊಬೆಲ್ ಬಂತು. ಸ್ವೀಡನ್ನಿನ ರೋಲ್ಫ್ ಲುಫ್ಟ್ ಮತ್ತು ಹರ್ಬರ್ಟ್ ಒಲಿವೆಕ್ರೋನಾ ಇನ್ನೂ ಮುಂದೆ ಹೋದರು. 1953ರಲ್ಲಿ ಅವರು ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯನ್ನೇ ತೆಗೆದ ವರದಿ ಪ್ರಕಟಿಸಿದರು. ಗುಣ ಕಂಡವರಿಗೆ ಕೆಲವು ತಿಂಗಳೋ ಕೆಲವು ವರ್ಷವೋ ಆಯಸ್ಸು ಸಿಕ್ಕಿತು. ಕಾಣದವರಿಗೆ ದೇಹದ ಒಂದು ಮುಖ್ಯ ಗ್ರಂಥಿ ಹೋದದ್ದಷ್ಟೇ ಬಂತು.

ಹಾರ್ಮೋನ್ ಚಿಕಿತ್ಸೆಯ ಮೊದಲ ಅರವತ್ತು ವರ್ಷ ಕತ್ತಿಯ ಕಾಲ. ಆ ಕತ್ತಿಯನ್ನು ಕೆಳಗಿಡಿಸಿದ್ದು ಒಬ್ಬ ರಸಾಯನಶಾಸ್ತ್ರಜ್ಞನ ಹಟ.

ಐವರು ಕೂತಿದ್ದ ಸಭೆ

1958ರಲ್ಲಿ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು ಆರಂಭವಾಯಿತು. ಅದೇ ವರ್ಷ ವಿಯೆನ್ನಾದ ಅಂತರರಾಷ್ಟ್ರೀಯ ಜೀವರಸಾಯನ ಸಮ್ಮೇಳನದಲ್ಲಿ ಷಿಕಾಗೋದ ಎಲ್ವುಡ್ ಜೆನ್ಸನ್ ಒಂದು ಪ್ರಬಂಧ ಓದಿದರು. ಕೇಳಲು ಇದ್ದವರು ಐದೇ ಜನ, ಅವರಲ್ಲೂ ಮೂವರು ತಮ್ಮ ಸರದಿಗೆ ಕಾಯುತ್ತಿದ್ದ ಭಾಷಣಕಾರರು ಎಂದು ಜೆನ್ಸನ್ ಮುಂದೆ ನಗುತ್ತ ನೆನೆಯುತ್ತಿದ್ದರು. ಅಂದು ಪಕ್ಕದ ಸಭಾಂಗಣ ತುಂಬಿ ತುಳುಕುತ್ತಿತ್ತು. ಅಲ್ಲಿ ಎಸ್ಟ್ರೊಜೆನ್ ಕಿಣ್ವಗಳ ಮೂಲಕ ಕೆಲಸ ಮಾಡುತ್ತದೆ ಎಂಬ, ಆ ಕಾಲದಲ್ಲಿ ಎಲ್ಲರೂ ನಂಬಿದ್ದ ವಾದ ನಡೆಯುತ್ತಿತ್ತು.

ಜೆನ್ಸನ್ ಅದನ್ನು ನಂಬಿರಲಿಲ್ಲ. ಎಸ್ಟ್ರೊಜೆನ್‌ಗೆ ವಿಕಿರಣ ಸೂಸುವ ಹೈಡ್ರೋಜನ್ ಸೇರಿಸಿ, ಹರ್ಬರ್ಟ್ ಜೇಕಬ್ಸನ್ ಜತೆ ಇಲಿಗಳಿಗೆ ಕೊಟ್ಟು, ಅದು ದೇಹದಲ್ಲಿ ಎಲ್ಲೆಲ್ಲಿ ಹೋಗುತ್ತದೆಂದು ಹಿಂಬಾಲಿಸಿದರು. ರಕ್ತದಲ್ಲಿ, ಸ್ನಾಯುವಿನಲ್ಲಿ ಅದು ಬಂದು ಹೋಗುತ್ತಿತ್ತು. ಗರ್ಭಕೋಶದಂಥ ಅಂಗಗಳಲ್ಲಿ ಮಾತ್ರ ತಂಗುತ್ತಿತ್ತು, ಅದೂ ಯಾವ ರಾಸಾಯನಿಕ ಬದಲಾವಣೆಯೂ ಇಲ್ಲದೆ. ಆ ಅಂಗಗಳ ಜೀವಕೋಶದಲ್ಲಿ ಎಸ್ಟ್ರೊಜೆನ್‌ನ್ನು ಹಿಡಿದಿಡುವ ಪ್ರೊಟೀನ್ ಒಂದಿದೆ ಎಂದು ಅವರು ತೀರ್ಮಾನಿಸಿದರು. ಅದೇ ಎಸ್ಟ್ರೊಜೆನ್ ರಿಸೆಪ್ಟರ್. ಇಂದು ಬಯಾಪ್ಸಿ ರಿಪೋರ್ಟಿನಲ್ಲಿ 'ಇ.ಆರ್.' ಎಂದು ಕಾಣುವ ಎರಡಕ್ಷರ.

ಬಾಯ್ಡ್ ಬಿಟ್ಟುಹೋದ ಒಗಟು ಇಲ್ಲಿ ಬಿಡಿಸಿಕೊಂಡಿತು. 1970ರ ಹೊತ್ತಿಗೆ ಜೆನ್ಸನ್ ಗೆಡ್ಡೆಯ ತುಣುಕಿನಲ್ಲೇ ರಿಸೆಪ್ಟರ್ ಅಳೆದು ತೋರಿಸಿದರು: ರಿಸೆಪ್ಟರ್ ಇರುವ ಗೆಡ್ಡೆ ಹಾರ್ಮೋನ್ ಕಿತ್ತುಕೊಂಡರೆ ಕುಗ್ಗುತ್ತದೆ, ಇಲ್ಲದ ಗೆಡ್ಡೆ ಕದಲುವುದಿಲ್ಲ. ಇನ್ನು ಮೂವರಲ್ಲಿ ಯಾರಿಗೆ ಎಂಬುದನ್ನು ಊಹಿಸಬೇಕಿರಲಿಲ್ಲ, ಪರೀಕ್ಷಿಸಿ ತಿಳಿಯಬಹುದಿತ್ತು. ಈ ಕೆಲಸಕ್ಕೆ ಜೆನ್ಸನ್‌ರಿಗೆ ಲಾಸ್ಕರ್ ಪ್ರಶಸ್ತಿ ಬಂದದ್ದು 2004ರಲ್ಲಿ, ಎಂಬತ್ತು ದಾಟಿದ ಮೇಲೆ.

ಸೋತ ಗರ್ಭನಿರೋಧಕ

ಕ್ಯಾನ್ಸರ್ ಯಾರ ಮನಸ್ಸಿನಲ್ಲೂ ಇಲ್ಲದ ಕಡೆ ಮಾತ್ರೆ ಹುಟ್ಟಿತು. ಇಂಗ್ಲೆಂಡಿನ ಚೆಷೈರ್‌ನ ಆಲ್ಡರ್ಲಿ ಪಾರ್ಕಿನಲ್ಲಿ ಐಸಿಐ ಕಂಪನಿಯ ಪ್ರಯೋಗಾಲಯ. ಆರ್ಥರ್ ವಾಲ್ಪೋಲ್ ಅಲ್ಲಿ ಗರ್ಭನಿರೋಧಕ ಹುಡುಕುವ ತಂಡದ ಮುಖ್ಯಸ್ಥರು. 1962ರಲ್ಲಿ ಆ ತಂಡದ ರಸಾಯನಶಾಸ್ತ್ರಜ್ಞೆ ಡೋರಾ ರಿಚರ್ಡ್‌ಸನ್ ಒಂದು ಅಣು ತಯಾರಿಸಿದರು. ಅದಕ್ಕಿಟ್ಟ ಸಂಖ್ಯೆ 46,474. ಇಲಿಗಳಲ್ಲಿ ಅದು ಗರ್ಭ ನಿಲ್ಲದಂತೆ ಮಾಡಿತು. ಹೆಂಗಸರಲ್ಲಿ ತಿರುಗುಮುರುಗಾಗಿ ಅಂಡಾಣು ಬಿಡುಗಡೆಯನ್ನೇ ಪ್ರಚೋದಿಸಿತು. ಗರ್ಭನಿರೋಧಕವಾಗಿ ಅದು ಸೋತಿತು.

ವಾಲ್ಪೋಲ್‌ರಿಗೆ ಮೊದಲಿನಿಂದಲೂ ಕ್ಯಾನ್ಸರ್ ಸಂಶೋಧನೆಯ ಒಲವಿತ್ತು. ಮ್ಯಾಂಚೆಸ್ಟರಿನ ಕ್ರಿಸ್ಟಿ ಆಸ್ಪತ್ರೆಯ ಮೇರಿ ಕೋಲ್ ಮತ್ತು ಸಂಗಡಿಗರು ಸ್ತನ ಕ್ಯಾನ್ಸರ್ ಮುಂದುವರಿದ 46 ಹೆಂಗಸರಿಗೆ ಇದನ್ನು ಕೊಟ್ಟು ನೋಡಿದರು. 1971ರಲ್ಲಿ ಫಲಿತಾಂಶ ಪ್ರಕಟವಾಯಿತು. ಹತ್ತು ಮಂದಿಗೆ ಗುಣ ಕಂಡಿತ್ತು. ಸಂಖ್ಯೆ ದೊಡ್ಡದಲ್ಲ. ಆದರೆ ಆ ಕಾಲದಲ್ಲಿ ಕೊಡುತ್ತಿದ್ದ ಬೇರೆ ಹಾರ್ಮೋನ್‌ಗಳಿಗೆ ಹೋಲಿಸಿದರೆ ಇದರ ತೊಂದರೆ ತೀರ ಕಡಿಮೆ. ಕಂಪನಿಗೆ ಆಸಕ್ತಿ ಹುಟ್ಟಲಿಲ್ಲ. ಲಾಭ ಕಾಣದ ಈ ಯೋಜನೆಯನ್ನು ಕೈಬಿಡುವ ಮಾತು ಬಂದಾಗ ವಾಲ್ಪೋಲ್ ರಾಜೀನಾಮೆಯ ಬೆದರಿಕೆ ಹಾಕಿ ಅದನ್ನು ಉಳಿಸಿಕೊಂಡರು. ಅದೇ ಟ್ಯಾಮೊಕ್ಸಿಫೆನ್. ಅದು ಜಗತ್ತನ್ನು ಗೆದ್ದದ್ದನ್ನು ನೋಡಲು ಅವರು ಉಳಿಯಲಿಲ್ಲ, 1977ರಲ್ಲಿ ತೀರಿಕೊಂಡರು.

ಟ್ಯಾಮೊಕ್ಸಿಫೆನ್ ಎಸ್ಟ್ರೊಜೆನ್ ತಯಾರಾಗುವುದನ್ನು ತಡೆಯುವುದಿಲ್ಲ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರ ಹಾಗೆ, ಎಸ್ಟ್ರೊಜೆನ್ ಬರುವ ಮೊದಲೇ ಸ್ತನದ ಕೋಶದ ರಿಸೆಪ್ಟರಿನಲ್ಲಿ ಜಾಗ ಹಿಡಿಯುತ್ತದೆ. ಗೆಡ್ಡೆ ಬೆಳೆಯಲು ಬೇಕಾದ ಆಜ್ಞೆ ತಲುಪುವುದಿಲ್ಲ. ಎಲ್ಲ ಅಂಗದಲ್ಲೂ ಅದರ ನಡತೆ ಹೀಗಿರುವುದಿಲ್ಲ. ಮೂಳೆಯಲ್ಲಿ, ಗರ್ಭಕೋಶದ ಒಳಪದರದಲ್ಲಿ ಅದು ತಾನೇ ಎಸ್ಟ್ರೊಜೆನ್‌ನಂತೆ ವರ್ತಿಸುತ್ತದೆ. ಮುಟ್ಟು ನಿಂತವರ ಮೂಳೆಗೆ ಇದರಿಂದ ಬಲ. ಗರ್ಭಕೋಶಕ್ಕೆ ಮಾತ್ರ, ಅದರಲ್ಲೂ ಮುಟ್ಟು ನಿಂತವರಲ್ಲಿ, ಕ್ಯಾನ್ಸರಿನ ಸಣ್ಣ ಅಪಾಯ.

ಈ ಸೂಕ್ಷ್ಮಗಳನ್ನು ದಶಕಗಳ ಕಾಲ ಬೆನ್ನಟ್ಟಿದವರು ಕ್ರೇಗ್ ಜೋರ್ಡನ್. ಗೆಡ್ಡೆ ಕಾಣಿಸಿಕೊಂಡ ಮೇಲಷ್ಟೇ ಅಲ್ಲ, ಶಸ್ತ್ರಚಿಕಿತ್ಸೆಯ ನಂತರ ವರ್ಷಗಟ್ಟಲೆ ಕೊಟ್ಟರೆ ರೋಗ ಮರಳದಂತೆ ತಡೆಯಬಹುದು ಎಂಬ ದಾರಿಯನ್ನು ಇಲಿಗಳ ಪ್ರಯೋಗದಿಂದ ತೆರೆದವರೂ ಅವರೇ. 2024ರ ಜೂನ್‌ನಲ್ಲಿ ಅವರು ನಿಧನರಾದರು.

ನಮ್ಮಲ್ಲೂ ಇದಕ್ಕೊಂದು ಸೋದರ ಕಥೆಯಿದೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ನಿತ್ಯಾನಂದ್ ಅವರ ತಂಡ 1960ರ ದಶಕದಲ್ಲಿ ಸೆಂಟ್‌ಕ್ರೋಮನ್ ತಯಾರಿಸಿತು. ಅದೂ ಎಸ್ಟ್ರೊಜೆನ್ ರಿಸೆಪ್ಟರಿನಲ್ಲೇ ಹೋಗಿ ಕೂರುವ ಅಣು. ಅದು ಗರ್ಭನಿರೋಧಕವಾಗಿ ಗೆದ್ದಿತು. 1991ರಲ್ಲಿ 'ಸಹೇಲಿ' ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುವ 'ಛಾಯಾ' ಮಾತ್ರೆ ಅದೇ.

1973

ಈ ಇತಿಹಾಸದ ಹಲವು ಎಳೆಗಳು ಒಂದೇ ವರ್ಷದಲ್ಲಿ ಬಂದು ಕೂಡುತ್ತವೆ. 1973ರಲ್ಲಿ ಬ್ರಿಟನ್ ಟ್ಯಾಮೊಕ್ಸಿಫೆನ್‌ಗೆ ಅನುಮತಿ ಕೊಟ್ಟಿತು. ಅಮೆರಿಕದ ಅನುಮತಿಗೆ 1977ರ ಡಿಸೆಂಬರ್‌ವರೆಗೆ ಕಾಯಬೇಕಾಯಿತು. ಅದೇ 1973ರಲ್ಲಿ ಆಂಜೆಲಾ ಬ್ರೋಡಿ ಮತ್ತು ಸಂಗಡಿಗರು ಎಸ್ಟ್ರೊಜೆನ್ ತಯಾರಾಗುವುದನ್ನೇ ತಡೆಯುವ ವಸ್ತುಗಳ ಬಗ್ಗೆ ಮೊದಲ ವರದಿ ಪ್ರಕಟಿಸಿದರು. ಮುಟ್ಟು ನಿಂತ ಮೇಲೆ ಕೊಬ್ಬಿನಂಥ ಅಂಗಾಂಶಗಳಲ್ಲಿ ಅರೋಮಟೇಸ್ ಎಂಬ ಕಿಣ್ವ ಎಸ್ಟ್ರೊಜೆನ್ ತಯಾರಿಸುತ್ತದೆ. ಅದರ ಕೈ ಕಟ್ಟಿಹಾಕುವ ಲೆಟ್ರೋಜೋಲ್, ಅನಾಸ್ಟ್ರೋಜೋಲ್, ಎಕ್ಸೆಮೆಸ್ಟೇನ್ ಮಾತ್ರೆಗಳಿಗೆ ಹಾದಿ ಹಾಕಿದ್ದು ಈ ಸಂಶೋಧನೆ. ಹಗಿನ್ಸ್ ಅಡ್ರಿನಲ್ ಗ್ರಂಥಿ ಕಿತ್ತು ಸಾಧಿಸಲು ಹೊರಟದ್ದನ್ನು ಮುಂದೆ ದಿನಕ್ಕೊಂದು ಮಾತ್ರೆ ಸಾಧಿಸಿತು.

ಅದೇ ವರ್ಷ ಮಿಷಿಗನ್ ಕ್ಯಾನ್ಸರ್ ಫೌಂಡೇಶನ್‌ನ ಹರ್ಬರ್ಟ್ ಸೂಲ್ ತಂಡ ಎಂಸಿಎಫ್-7 ಎಂಬ ಕೋಶವಂಶವನ್ನು ಜಗತ್ತಿಗೆ ಪರಿಚಯಿಸಿತು. ಸ್ತನ ಕ್ಯಾನ್ಸರಿನಿಂದ 1970ರಲ್ಲಿ ತೀರಿಕೊಂಡ ಸಿಸ್ಟರ್ ಕ್ಯಾಥರೀನ್ ಫ್ರಾನ್ಸಿಸ್ ಎಂಬ ಕ್ರೈಸ್ತ ಸನ್ಯಾಸಿನಿಯ ದೇಹದಿಂದ ಬಂದ ಜೀವಕೋಶಗಳವು. ಎಸ್ಟ್ರೊಜೆನ್ ರಿಸೆಪ್ಟರ್ ಇದ್ದೂ ಗಾಜಿನ ತಟ್ಟೆಯಲ್ಲಿ ವರ್ಷಾನುಗಟ್ಟಲೆ ಬೆಳೆಯಬಲ್ಲ ಕೋಶಗಳು ಅವು. ಹಾರ್ಮೋನ್ ಚಿಕಿತ್ಸೆಯ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಅವುಗಳ ಋಣ.

ಮತ್ತು 1973ರಲ್ಲೇ ಬೆಂಗಳೂರಿನ ಹೊಸೂರು ರಸ್ತೆಯಲ್ಲಿ, ಕೇಂದ್ರ ಸಚಿವರಾಗಿದ್ದ ರಫಿ ಅಹಮದ್ ಕಿದ್ವಾಯಿ ಅವರ ಸ್ಮರಣೆಯಲ್ಲಿ ಕಿದ್ವಾಯಿ ಗ್ರಂಥಿ ಸಂಸ್ಥೆ ಶುರುವಾಯಿತು. ಡಾ. ಎಂ. ಕೃಷ್ಣ ಭಾರ್ಗವ ಅದನ್ನು ಕಟ್ಟಿ ಬೆಳೆಸಿದವರಲ್ಲಿ ಪ್ರಮುಖರು. 1980ರಲ್ಲಿ ಅದು ಸ್ವಾಯತ್ತ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾಯಿತು. ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆ ತೆರೆದದ್ದೂ 1973ರಲ್ಲಿ.

ಯಲಹಂಕ ಆಗ ಬೆಂಗಳೂರಲ್ಲ, ಬೆಂಗಳೂರಿನ ಹೊರಗಿನ ಒಂದು ಊರು. ಕೆಂಪೇಗೌಡರ ಮೂಲ ನೆಲೆ ಎಂಬ ಹೆಮ್ಮೆ, ಸುತ್ತ ರಾಗಿ ಹೊಲ, ದ್ರಾಕ್ಷಿ ತೋಟ, ವಾಯುಪಡೆಯವರ ವಸತಿ. ಎದೆಯಲ್ಲಿ ಗಂಟು ಕಂಡ ಹೆಂಗಸಿಗೆ ಕ್ಯಾನ್ಸರ್ ಆಸ್ಪತ್ರೆ ಎಂದರೆ ಊರಿನ ಇನ್ನೊಂದು ತುದಿಯ ಕಿದ್ವಾಯಿ. ಬಳ್ಳಾರಿ ರಸ್ತೆ, ಮೆಜೆಸ್ಟಿಕ್, ಹೊಸೂರು ರಸ್ತೆ ಎಂದು ಇಡೀ ನಗರವನ್ನು ಉದ್ದಕ್ಕೆ ದಾಟಬೇಕಿತ್ತು. ಆಪರೇಷನ್ ಒಂದು ಸಲ. ಜನ 'ಕರೆಂಟ್ ಕೊಡೋದು' ಎನ್ನುವ ವಿಕಿರಣ ಚಿಕಿತ್ಸೆಗೆ ವಾರಗಟ್ಟಲೆ ಓಡಾಟ. ಇಂಥ ದೂರದ ಊರಿನವರಿಗೆ ಮನೆಯಲ್ಲೇ ನುಂಗಬಹುದಾದ ಮಾತ್ರೆ ಎಂದರೆ ದೊಡ್ಡ ಉಳಿತಾಯ. 1972ರಲ್ಲಿ ಜಾರಿಗೆ ಬಂದ ಭಾರತದ ಪೇಟೆಂಟ್ ಕಾಯ್ದೆ ಆಗ ಔಷಧದ ಅಣುವಿಗೇ ಪೇಟೆಂಟ್ ಕೊಡದಿದ್ದ ಕಾರಣ ನಮ್ಮ ಕಂಪನಿಗಳು ಟ್ಯಾಮೊಕ್ಸಿಫೆನ್‌ನ್ನು ಇಲ್ಲೇ ತಯಾರಿಸಿ ಕಡಿಮೆ ಬೆಲೆಗೆ ಮಾರಿದವು. ಇವತ್ತಿಗೂ ಅದರ ಒಂದು ದಿನದ ಖರ್ಚು ಕೆಲವೇ ರೂಪಾಯಿ.

ಲೆಕ್ಕ ಹೇಳಿದ್ದು

ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ 1981ರ ಕೊನೆಗೆ ಶುರುವಾಯಿತು. 1982ರ ಜನವರಿಯಿಂದ ಬೆಂಗಳೂರು, ಮುಂಬಯಿ, ಮದ್ರಾಸ್‌ಗಳಲ್ಲಿ ನಗರದ ಪ್ರತಿ ಕ್ಯಾನ್ಸರ್ ರೋಗಿಯನ್ನೂ ದಾಖಲಿಸುವ ಕೆಲಸ ಈ ಕಾರ್ಯಕ್ರಮದಡಿ ಆರಂಭವಾಯಿತು. ಬೆಂಗಳೂರಿನ ನೋಂದಣಿ ನಡೆದದ್ದು ಕಿದ್ವಾಯಿಯಲ್ಲಿ. ಮೊದಲ ವರ್ಷಗಳಲ್ಲಿ ಬೆಂಗಳೂರಿನ ಹೆಂಗಸರಲ್ಲಿ ಗರ್ಭಕಂಠದ ಕ್ಯಾನ್ಸರೇ ಮುಂದಿತ್ತು. ವರ್ಷ ಕಳೆದಂತೆ ಅದು ಇಳಿಯಿತು, ಸ್ತನ ಕ್ಯಾನ್ಸರ್ ಏರಿತು, ಮೊದಲ ಸ್ಥಾನಕ್ಕೆ ಬಂತು. ಕಳೆದ ದಶಕದಲ್ಲಿ ಬೆಂಗಳೂರಿನಲ್ಲಿ ಲಕ್ಷ ಹೆಂಗಸರಿಗೆ ವರ್ಷಕ್ಕೆ ಸುಮಾರು 40 ಹೊಸ ಸ್ತನ ಕ್ಯಾನ್ಸರ್ ಪ್ರಕರಣಗಳು ದಾಖಲಾದವು. ಇಡೀ ದೇಶದಲ್ಲಿ 2022ರಲ್ಲಿ ಸುಮಾರು 1.92 ಲಕ್ಷ ಹೊಸ ರೋಗಿಗಳು, 98 ಸಾವಿರ ಸಾವು ಎಂಬುದು ಅಂತರರಾಷ್ಟ್ರೀಯ ಅಂದಾಜು. ಪೂಜನಹಳ್ಳಿಯ ಕೇಂದ್ರ 2011ರಿಂದ ಈ ಲೆಕ್ಕದ ರಾಷ್ಟ್ರೀಯ ಜವಾಬ್ದಾರಿ ಹೊತ್ತಿದೆ.

ಈ ಅಂಕಿಗಳಲ್ಲಿ ಭಾರತಕ್ಕೆ ವಿಶೇಷವಾದ ಎರಡು ಸಂಗತಿ ಇವೆ. ಪಶ್ಚಿಮದ ದೇಶಗಳಿಗಿಂತ ನಮ್ಮ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಸುಮಾರು ಹತ್ತು ವರ್ಷ ಮೊದಲೇ ಕಾಣಿಸಿಕೊಳ್ಳುತ್ತದೆ. ಅಂದರೆ ಮುಟ್ಟು ಇನ್ನೂ ನಿಲ್ಲದ, ಮಕ್ಕಳನ್ನು ಶಾಲೆಗೆ ಕಳಿಸುವ ವಯಸ್ಸು. ಜತೆಗೆ ಇ.ಆರ್. ಪಾಸಿಟಿವ್ ಗೆಡ್ಡೆಗಳ ಪ್ರಮಾಣ ನಮ್ಮಲ್ಲಿ ಪಶ್ಚಿಮಕ್ಕಿಂತ ಕಡಿಮೆ. ಕಡಿಮೆ ಎಂದರೂ ಅರ್ಧಕ್ಕಿಂತ ಹೆಚ್ಚು ರೋಗಿಗಳ ಗೆಡ್ಡೆಯಲ್ಲಿ ರಿಸೆಪ್ಟರ್ ಇರುತ್ತದೆ. ಅಷ್ಟೂ ಮಂದಿಗೆ ಮಾತ್ರೆ ಜೀವ ಉಳಿಸುವ ಔಷಧ.

ಎಷ್ಟು ಉಳಿಸುತ್ತದೆ? ಆಕ್ಸ್‌ಫರ್ಡಿನಿಂದ ನಡೆಯುವ ಸಹಯೋಗವೊಂದು ಜಗತ್ತಿನ ಎಲ್ಲ ಟ್ಯಾಮೊಕ್ಸಿಫೆನ್ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದೆ. ಇ.ಆರ್. ಪಾಸಿಟಿವ್ ಇದ್ದವರು 5 ವರ್ಷ ಮಾತ್ರೆ ನುಂಗಿದರೆ ಮೊದಲ ಹತ್ತು ವರ್ಷಗಳಲ್ಲಿ ರೋಗ ಮರಳುವುದು ಹತ್ತಿರ ಹತ್ತಿರ ಅರ್ಧಕ್ಕಿಳಿಯುತ್ತದೆ. ಹದಿನೈದು ವರ್ಷಗಳಲ್ಲಿ ಸ್ತನ ಕ್ಯಾನ್ಸರಿನಿಂದಾಗುವ ಸಾವು ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ. 2012ರಲ್ಲಿ ಬಂದ 'ಅಟ್ಲಾಸ್' ಅಧ್ಯಯನ 12,894 ಹೆಂಗಸರನ್ನು ಗಮನಿಸಿ, 5 ವರ್ಷದ ಬದಲು 10 ವರ್ಷ ಮುಂದುವರಿಸಿದರೆ ಇನ್ನೂ ಲಾಭವಿದೆ ಎಂದಿತು, ಗರ್ಭಕೋಶದ ಕ್ಯಾನ್ಸರಿನ ಅಪಾಯ ಹೆಚ್ಚುವುದನ್ನೂ ಮರೆಮಾಚಲಿಲ್ಲ.

ಕೀಮೋ ಬೇಕೆ, ಬೇಡವೆ

ಜೆನ್ಸನ್ ಕಾಲದಲ್ಲಿ ರಿಸೆಪ್ಟರ್ ಅಳೆಯಲು ಗೆಡ್ಡೆಯ ತಾಜಾ ತುಣುಕನ್ನು ಘನೀಕರಿಸಿ, ಅರೆದು, ವಿಕಿರಣ ಬಳಸಬೇಕಿತ್ತು. ಈಗ ಬಯಾಪ್ಸಿಯ ಮೇಣದ ಬ್ಲಾಕಿನಿಂದ ತೆಳುವಾಗಿ ಕತ್ತರಿಸಿದ ಪದರಕ್ಕೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಾಕು. ರಿಸೆಪ್ಟರ್ ಇರುವ ಕಡೆ ಕೋಶಕೇಂದ್ರ ಕಂದು ಬಣ್ಣಕ್ಕೆ ತಿರುಗುತ್ತದೆ. ನೂರರಲ್ಲಿ ಒಂದು ಕೋಶ ಬಣ್ಣ ಹಿಡಿದರೂ 'ಪಾಸಿಟಿವ್' ಎಂದೇ ಲೆಕ್ಕ. ಆದರೆ ತುಣುಕನ್ನು ತೆಗೆದ ತಕ್ಷಣ ಫಾರ್ಮಲಿನ್‌ನಲ್ಲಿ ಸರಿಯಾಗಿ ಇಡದಿದ್ದರೆ ಇರುವ ರಿಸೆಪ್ಟರೂ ಕಾಣದೆ 'ನೆಗೆಟಿವ್' ಎಂದು ಬರಬಹುದು. ಆಗ ಮಾತ್ರೆಯಿಂದ ಬದುಕಬೇಕಾದವಳಿಗೆ ಮಾತ್ರೆಯೇ ಸಿಗುವುದಿಲ್ಲ.

ಇತ್ತೀಚಿನ ದೊಡ್ಡ ಪ್ರಶ್ನೆ ಬೇರೆ: ಇ.ಆರ್. ಪಾಸಿಟಿವ್ ಇರುವ ಆರಂಭದ ಹಂತದ ರೋಗಿಗೆ ಮಾತ್ರೆ ಸಾಕೇ, ಕೀಮೋ ಕೂಡ ಬೇಕೇ? 2018ರಲ್ಲಿ ಪ್ರಕಟವಾದ 'ಟೇಲರ್ ಎಕ್ಸ್' ಅಧ್ಯಯನ 10,273 ಹೆಂಗಸರನ್ನು ಸೇರಿಸಿಕೊಂಡು, ಗೆಡ್ಡೆಯ ಜೀನ್ ಪರೀಕ್ಷೆಯ ಆಧಾರದ ಮೇಲೆ ಇಂಥವರಲ್ಲಿ ಬಹುಪಾಲು ಜನಕ್ಕೆ ಕೀಮೋ ಬೇಕಿಲ್ಲ ಎಂದು ತೋರಿಸಿತು. ಆ ಪರೀಕ್ಷೆ ಅಮೆರಿಕದ್ದು, ಬೆಲೆ ಲಕ್ಷಗಳಲ್ಲಿ. ಮಂಜಿರಿ ಬಾಕ್ರೆ ಅವರು 2011ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಆಂಕೋಸ್ಟೆಮ್ ಸಂಸ್ಥೆ ಇದೇ ಪ್ರಶ್ನೆಗೆ 'ಕ್ಯಾನ್‌ಅಸಿಸ್ಟ್ ಬ್ರೆಸ್ಟ್' ಎಂಬ ಪರೀಕ್ಷೆ ರೂಪಿಸಿತು. ಐದು ಪ್ರೊಟೀನ್‌ಗಳನ್ನು ಬಣ್ಣ ಹಾಕಿ ನೋಡಿ, ಗೆಡ್ಡೆಯ ಗಾತ್ರ, ದರ್ಜೆ, ಕಂಕುಳ ಗ್ರಂಥಿಗಳ ಸ್ಥಿತಿಯನ್ನು ಸೇರಿಸಿ ರೋಗ ಮರಳುವ ಅಪಾಯವನ್ನು ಲೆಕ್ಕ ಹಾಕುವ ವಿಧಾನ ಅದು. ಭಾರತೀಯ ರೋಗಿಗಳ ಗೆಡ್ಡೆಗಳ ಮೇಲೆ ಕಟ್ಟಿ ಬೆಳೆಸಿದ್ದು ಅದರ ವಿಶೇಷ.

ರಿಸೆಪ್ಟರಿನ ಒಳಗುಟ್ಟು ಅರಸುವ ಕೆಲಸ ಬಳ್ಳಾರಿ ರಸ್ತೆಯಲ್ಲೂ ನಡೆದಿದೆ. ಎನ್‌ಸಿಬಿಎಸ್‌ನಲ್ಲಿ ಡಿಂಪಲ್ ನೊಟಾನಿ ಅವರ ತಂಡ, ಎಸ್ಟ್ರೊಜೆನ್ ಬಂದ ಕ್ಷಣದಲ್ಲಿ ರಿಸೆಪ್ಟರುಗಳು ಜೀನುಗಳನ್ನು ಚಾಲೂ ಮಾಡುವ ಜಾಗಗಳಲ್ಲಿ ಹೇಗೆ ಗುಂಪುಗೂಡುತ್ತವೆ, ಆ ಗುಂಪು ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಅಧ್ಯಯನ ಮಾಡಿದೆ. ಬಳಸಿದ ಕೋಶಗಳು ಅದೇ ಎಂಸಿಎಫ್-7. ಮಿಷಿಗನ್ನಿನ ಸನ್ಯಾಸಿನಿಯ ಕೋಶಗಳು ಜಿಕೆವಿಕೆಯ ಆವರಣದಲ್ಲಿ ಇನ್ನೂ ವಿಭಜನೆಯಾಗುತ್ತಿವೆ.

ನುಂಗುವವರ ಪಾಲು

ಕಳೆದ ಇಪ್ಪತ್ತು ವರ್ಷಗಳಲ್ಲಿ ಉತ್ತರ ಬೆಂಗಳೂರಿನ ಚಹರೆಯೇ ಬದಲಾಗಿದೆ. 2007ರಲ್ಲಿ ಯಲಹಂಕ ಬೃಹತ್ ಬೆಂಗಳೂರಿಗೆ ಸೇರಿತು, 2008ರಲ್ಲಿ ವಿಮಾನ ನಿಲ್ದಾಣ ಬಂತು, ಹೆಬ್ಬಾಳದಿಂದ ಬಾಗಲೂರು ಕ್ರಾಸ್‌ವರೆಗೆ ದೊಡ್ಡ ಆಸ್ಪತ್ರೆಗಳು ಎದ್ದವು. ಕ್ಯಾನ್ಸರ್ ತಜ್ಞರಿಗಾಗಿ ನಗರ ದಾಟಬೇಕಾದ ಕಾಲ ಹೋಯಿತು. ಕಿದ್ವಾಯಿ ಮಾತ್ರ ಬಡವರ ಪಾಲಿಗೆ ಇಂದಿಗೂ ಕಿದ್ವಾಯಿಯೇ.

ಔಷಧಗಳೂ ಹೆಚ್ಚಿವೆ. ಮುಟ್ಟು ನಿಲ್ಲದವರಿಗೆ ಅಂಡಾಶಯ ತೆಗೆಯುವ ಬದಲು ತಿಂಗಳಿಗೊಮ್ಮೆ ಗೋಸೆರೆಲಿನ್ ಇಂಜೆಕ್ಷನ್ ಕೊಟ್ಟು ಅದನ್ನು ಮಲಗಿಸಬಹುದು. ರೋಗ ಹರಡಿದವರಿಗೆ ಹಾರ್ಮೋನ್ ಮಾತ್ರೆಯ ಜತೆ ಪಾಲ್ಬೊಸಿಕ್ಲಿಬ್‌ನಂಥ ಔಷಧ ಸೇರಿಸುತ್ತಾರೆ. 2023ರಲ್ಲಿ ಅದರ ಪೇಟೆಂಟ್ ಮುಗಿದು ನಮ್ಮಲ್ಲಿ ಬೆಲೆ ಗಣನೀಯವಾಗಿ ಇಳಿಯಿತು. ಮಗು ಬೇಕೆನ್ನುವ ಯುವತಿಯರಿಗೂ ಉತ್ತರ ಸಿಕ್ಕಿದೆ. ಒಂದೂವರೆಯಿಂದ ಎರಡೂವರೆ ವರ್ಷ ಮಾತ್ರೆ ನುಂಗಿದ ಮೇಲೆ, ವೈದ್ಯರ ಕಣ್ಗಾವಲಿನಲ್ಲಿ ಎರಡು ವರ್ಷದವರೆಗೆ ಬಿಡುವು ಕೊಟ್ಟು ಗರ್ಭ ಧರಿಸಿದರೂ ಸದ್ಯಕ್ಕೆ ರೋಗ ಮರಳುವ ಅಪಾಯ ಹೆಚ್ಚಿಲ್ಲ ಎಂದು 2023ರಲ್ಲಿ ಪ್ರಕಟವಾದ 'ಪಾಸಿಟಿವ್' ಅಧ್ಯಯನ ಹೇಳಿದೆ. ಆದರೆ ಗರ್ಭಿಣಿಯಾಗಿರುವಾಗ ಟ್ಯಾಮೊಕ್ಸಿಫೆನ್ ನುಂಗುವಂತಿಲ್ಲ. ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ನೂರಕ್ಕೆ ಸುಮಾರು ಒಬ್ಬರು ಗಂಡಸರು, ಅವರಿಗೂ ಇದೇ ಮಾತ್ರೆ ಕೆಲಸ ಮಾಡುತ್ತದೆ.

ಇಷ್ಟೆಲ್ಲ ಆದ ಮೇಲೂ ಈ ಚಿಕಿತ್ಸೆಯ ದುರ್ಬಲ ಕೊಂಡಿ ಪ್ರಯೋಗಾಲಯದಲ್ಲಿಲ್ಲ, ಮನೆಯಲ್ಲಿದೆ. ಕೀಮೋ ಮುಗಿದು ಕೂದಲು ಮತ್ತೆ ಬಂದ ಮೇಲೆ ರೋಗ ವಾಸಿಯಾಯಿತು ಎಂದೇ ಮನೆಯವರೆಲ್ಲ ಭಾವಿಸುತ್ತಾರೆ. ಆಮೇಲೆ ವರ್ಷಗಟ್ಟಲೆ ಮಾತ್ರೆ. ಟ್ಯಾಮೊಕ್ಸಿಫೆನ್ ನುಂಗುವವರಿಗೆ ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರುತ್ತದೆ. ಲೆಟ್ರೋಜೋಲ್ ನುಂಗುವವರಿಗೆ ಬೆಳಗ್ಗೆ ಎದ್ದರೆ ಕೀಲುಗಳು ಬಿಗಿದಿರುತ್ತವೆ, ಮೂಳೆ ಸವೆಯುತ್ತದೆ. ಕಾಯಿಲೆ ಕಾಣದಿದ್ದಾಗ ಮಾತ್ರೆಯೇ ಕಾಯಿಲೆ ಅನ್ನಿಸಿ ಎಷ್ಟೋ ಮಂದಿ ಐದು ವರ್ಷ ತುಂಬುವ ಮೊದಲೇ ನಿಲ್ಲಿಸುತ್ತಾರೆ. ಯಾರಿಗೂ ಹೇಳುವುದಿಲ್ಲ, ಡಾಕ್ಟರಿಗಂತೂ ಇಲ್ಲ. ಬೀಟ್ಸನ್, ಜೆನ್ಸನ್, ರಿಚರ್ಡ್‌ಸನ್, ಬ್ರೋಡಿ ಸಾಧಿಸಿದ್ದೆಲ್ಲ ಅಲ್ಲಿಗೆ ನಿಲ್ಲುತ್ತದೆ.

ಅದರಿಂದ ಓದುಗರಲ್ಲಿ ಕೇಳಿಕೊಳ್ಳುವುದಿಷ್ಟು. ಮನೆಯಲ್ಲಿ ಯಾರಿಗಾದರೂ ಸ್ತನ ಕ್ಯಾನ್ಸರ್ ಎಂದು ತಿಳಿದರೆ ಬಯಾಪ್ಸಿ ರಿಪೋರ್ಟಿನಲ್ಲಿ ಇ.ಆರ್., ಪ್ರೊಜೆಸ್ಟರೋನ್ ಹಾರ್ಮೋನ್‌ನ ರಿಸೆಪ್ಟರ್ ಆದ ಪಿ.ಆರ್., ಹರ್-2 ಎಂಬ ಪ್ರೊಟೀನ್ ಈ ಮೂರರ ಫಲಿತಾಂಶ ಇದೆಯೇ ಎಂದು ಕೇಳಿ ನೋಡಿ, ಇಲ್ಲದಿದ್ದರೆ ಮಾಡಿಸಲು ಹೇಳಿ. ಮಾತ್ರೆ ಬರೆದುಕೊಟ್ಟರೆ ಎಷ್ಟು ವರ್ಷ ಎಂಬುದನ್ನು ಮೊದಲ ದಿನವೇ ತಿಳಿದುಕೊಳ್ಳಿ. ಮೈ ಬಿಸಿ, ಕೀಲು ನೋವು ತಡೆಯಲಾಗದಿದ್ದರೆ ವೈದ್ಯರಿಗೆ ಹೇಳಿ. ಮಾತ್ರೆ ಬದಲಿಸಬಹುದು, ನೋವಿಗೆ ಬೇರೆ ಉಪಾಯಗಳಿವೆ. ಖಿನ್ನತೆಗೆ ಕೊಡುವ ಕೆಲವು ಔಷಧಗಳು ಟ್ಯಾಮೊಕ್ಸಿಫೆನ್‌ನ ಬಲ ಕುಗ್ಗಿಸುತ್ತವೆ, ಬೇರೆ ಏನೇ ನುಂಗುತ್ತಿದ್ದರೂ ತಿಳಿಸಿ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಕಾಲು ಊದಿಕೊಂಡು ನೋವು ಬಂದರೆ ತಡ ಮಾಡಬೇಡಿ. ತಾವಾಗಿಯೇ ಮಾತ್ರೆ ನಿಲ್ಲಿಸುವುದೊಂದನ್ನು ಮಾತ್ರ ಮಾಡಬೇಡಿ.